ಬಾಲ ಇಲ್ಲದ ಬಸುರಿ

ಹೋದ ಸಲ ನಿಂಬೆಕಾಯಿ ಉಪ್ಪಿನಕಾಯಿ ಬಗ್ಗೆ ಬರೆದಾಗ ಮೊಳಕಾಲ್ಮೂರಿನಿಂದ ನಮ್ ಚಿಕ್ಕಮ್ಮ ಫೋನ್ ಮಾಡಿದ್ರು. "ಉಪ್ಪಿನಕಾಯಿ ಅತ್ಲಾಗಿರ್ಲಿ, ನೀನು ಹಲ್ಲಿ ಸಾಕಿದ್ಯಂತಲ್ಲ, ಅದನ್ನ ಬರಿ ಮೊದ್ಲು" ಅಂದ್ರು. ಚಳ್ಳಕೆರೆ ಸುದ್ದಿ ಮೊಳಕಾಲ್ಮೂರಿಗೆ ಬಸ್ಸಿಗಿಂತ ಮುಂಚೆ ಹೋಗಿ ಮುಟ್ಟುತ್ತೆ. ಸಾಕಿದ್ದು ಅನ್ನೋದಕ್ಕಿಂತ ಬಾಣಂತನ ಮಾಡಿದ್ದು ಅಂದ್ರೆ ಸರಿ. ಕೇಳಿ.

ನಮ್ಮೂರು ಎಣ್ಣೆ ಮಿಲ್ಲಿನ ಊರು ಅಂತ ನಿಮಗೆಲ್ಲ ಗೊತ್ತು. ನಮ್ಮನೆಯವರು ಮಿಲ್ಲಿನಾಗೆ ಲೆಕ್ಕ ಬರೆಯೋರು, ಹಿಂದಿನ ಕೋಣೆಯಾಗೆ ವರ್ಷವೆಲ್ಲ ಒಂದೆರಡು ಮೂಟೆ ಶೇಂಗಾ ಇದ್ದೇ ಇರುತ್ತೆ. ಶೇಂಗಾ ಇದ್ದ ಮೇಲೆ ಇಲಿ. ಕಾರ್ತಿಕ ಮಾಸದ ಕೊನೇಲಿ ಇವ್ರು ಸಂತೆಯಿಂದ ಇಲಿ ಹಿಡಿಯೋ ಗಮ್ ಪ್ಯಾಡ್ ತಂದು ಮೂಟೆ ಪಕ್ಕ ಬಿಚ್ಚಿಟ್ರು. ಬೆಳಗ್ಗೆ ನೋಡಿದ್ರೆ ಇಲಿ ಇಲ್ಲ, ಒಂದು ಹಲ್ಲಿ. ನಾಲ್ಕು ಕಾಲು, ಹೊಟ್ಟೆ, ಒಂದು ಕಡೆ ಕೆನ್ನೆ ಎಲ್ಲ ಅಂಟ್ಕೊಂಡು, ಬಾಲ ಕಿತ್ತು ಪಕ್ಕದಾಗೆ ಬಿದ್ದಿತ್ತು. ಕಣ್ಣು ಮಾತ್ರ ನನ್ನನ್ನೇ ನೋಡ್ತಿತ್ತು. ಹಲ್ಲಿಗೆ ರೆಪ್ಪೆ ಇಲ್ಲ, ಮುಚ್ಚೋಕೆ ಬರಲ್ಲ ಅಂತ ಆಮೇಲೆ ಮಗಳು ಹೇಳಿದ್ಲು. ಆವತ್ತು ನನಗೆ ಅದು ರೆಪ್ಪೆ ಬಡೀದೆ ಬೇಡ್ಕೊಂಡಂಗೇ ಕಂಡಿತ್ತು.

"ಹಂಗೇ ಮಡಚಿ ತಿಪ್ಪೆಗೆ ಹಾಕು" ಅಂದ್ರು ಇವ್ರು. ಹಂಗೆ ಹಾಕಿದ್ರೆ ಅದು ಸಾಯೋಕೆ ಎರಡು ಮೂರು ದಿನ ತಗೊಳ್ಳುತ್ತೆ. ನನ್ ಕೈಲಿ ಆಗ್ಲಿಲ್ಲ. ಅಂಟು ನೀರಿಗೆ ಬಿಡಲ್ಲ, ಎಣ್ಣೆಗೆ ಬಿಡುತ್ತೆ. ಹಲಸಿನ ಹಣ್ಣು ಕೊಯ್ಯುವಾಗ ಕೈಗೆ ಎಣ್ಣೆ ಸವರ್ಕೊಳ್ಳೋದು ಯಾಕೆ ಮತ್ತೆ? ಎಣ್ಣೆಗೆ ನಮ್ಮನೆಯಾಗೆ ಏನ್ ಬರ. ಮೊದಲು ಸುತ್ತಲಿನ ಗಮ್ಮಿನ ಮೇಲೆ ಗೋಧಿ ಹಿಟ್ಟು ಉದುರಿಸಿದೆ, ಬಿಡಿಸಿದ ಕಾಲು ಮತ್ತೆ ಅಂಟದೆ ಇರ್ಲಿ ಅಂತ. ಆಮೇಲೆ ಕಿವಿ ಕಡ್ಡಿ ಶೇಂಗಾ ಎಣ್ಣೆಗೆ ಅದ್ದಿ ಒಂದೊಂದೇ ಕಾಲಿನ ಅಡಿಗೆ ಸವರ್ತಾ ಕೂತೆ. ಎಳೀಬಾರ್ದು, ಎಳೆದ್ರೆ ಚರ್ಮವೇ ಬರುತ್ತೆ. ಮೂಗಿನ ಹತ್ರ ಎಣ್ಣೆ ಹೋಗಬಾರ್ದು. ಮುಕ್ಕಾಲು ಗಂಟೆ ಹಿಡೀತು. ಒಲೆ ಮೇಲಿನ ಸಾರು ಸೀದೇ ಹೋಯ್ತು.

ನಮ್ಮತ್ತೆಗೆ 82 ವರ್ಷ. ಜಗಲಿ ಮೇಲಿಂದಾನೇ ಶುರು ಮಾಡಿದ್ರು. "ಹಲ್ಲಿ ಮೈಮೇಲೆ ಬಿದ್ರೆ ತಲೆಗೆ ಸ್ನಾನ ಮಾಡ್ತೀವಿ, ನೀನು ಅಂಗೈಯಾಗೆ ಇಟ್ಕೊಂಡು ಕೂತಿದ್ಯಲ್ಲೇ! ಪಂಚಾಂಗದಾಗೆ ತಲೆಗೆ ಬಿದ್ರೆ ಏನು, ಭುಜಕ್ಕೆ ಬಿದ್ರೆ ಏನು ಅಂತೆಲ್ಲ ಬರ್ದವ್ರೆ." ನಾನು "ಅತ್ತೆ, ಬಿದ್ದಿದ್ದಕ್ಕೆ ಬರ್ದವ್ರೆ, ಎತ್ಕೊಂಡಿದ್ದಕ್ಕೆ ಬರ್ದಿಲ್ಲ" ಅಂದೆ. "ಕಂಚಿಗೆ ಹೋಗಿ ಬಂಗಾರದ ಹಲ್ಲಿ ಮುಟ್ಟಿ ಬಂದಿದ್ರೆ ದೋಷ ಇರಲ್ಲ. ನೀನೇನು ಹೋಗಿದ್ಯಾ?" ಅಂತ ಗೊಣಗಿದ್ರು. ವರದರಾಜಸ್ವಾಮಿ ಗುಡಿಗೆ ನಾನು ಹೋಗಿಲ್ಲ, ಅವರೂ ಹೋಗಿಲ್ಲ.

ಎಣ್ಣೆ ಒರೆಸೋಕೆ ಅಂತ ಅಂಗಾತ ಮಾಡಿ ಬೆಳಕಿಗೆ ಹಿಡಿದೆ ನೋಡಿ, ಆಗ ಕಾಣಿಸ್ತು. ಹೊಟ್ಟೆ ಚರ್ಮ ಈರುಳ್ಳಿ ಸಿಪ್ಪೆಯಂಗೆ ತೆಳ್ಳಗೆ. ಒಳಗೆ ಅಕ್ಕಪಕ್ಕ ಎರಡು ಬಿಳೀ ಬಟಾಣಿ ಇಟ್ಟಂಗೆ. ಮೊಟ್ಟೆ!

"ಅತ್ತೆ, ಇದು ಬಸುರಿ" ಅಂದೆ.

ಅತ್ತೆ ಸುಮ್ಮನಾದ್ರು. ಸ್ವಲ್ಪ ಹೊತ್ತು ಬಿಟ್ಟು "ತಗಂಬಾ ಇಲ್ಲಿ" ಅಂದ್ರು. ಕನ್ನಡಕ ಹಾಕ್ಕೊಂಡು ನೋಡಿದ್ರು. ಆಮೇಲೆ ಒಳಗೆ ಹೋಗಿ, ದೊಡ್ಡೇರಿ ಕಡೆಯಿಂದ ತಂದ ತಮ್ಮ ಕರೀ ಕಂಬ್ಳಿಯ ಅಂಚು ಕತ್ತರಿಸ್ಕೊಂಡು ಬಂದ್ರು. ಆ ಕಂಬ್ಳಿಯನ್ನ ಮೊಮ್ಮಕ್ಕಳಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ. ನಮ್ಮನೆಯವ್ರು ಬಾಯಿ ಬಿಟ್ಕೊಂಡು ನೋಡಿದ್ರು.

ಚಪ್ಪಲಿ ಡಬ್ಬ, ಅದರೊಳಗೆ ಕಂಬ್ಳಿ ಚೂರು, ಮುಚ್ಚಳಕ್ಕೆ ಉಗುರಗಲ ತೂತು. ಮಗಳು ಚಿತ್ರದುರ್ಗದಾಗೆ ಬಿಎಸ್ಸಿ ಓದ್ತಾಳೆ, ಅವಳನ್ನ ಫೋನಿನಾಗೆ ಕೇಳ್ಕೊಂಡು ಮಾಡಿದ್ದು. ಹಲ್ಲಿ ಮೈ ತಾನಾಗಿ ಬಿಸಿ ಇರಲ್ಲವಂತೆ, ಸುತ್ತಲಿನ ಬಿಸೀನೇ ಅದಕ್ಕೆ ಬಿಸಿ. ಚಳಿಯಾದ್ರೆ ತಿಂದಿದ್ದು ಅರಗೋದೇ ಇಲ್ಲ. ಅದಕ್ಕೆ ರಾತ್ರಿ ಒಂದು ಬಾಟ್ಲಿ ಬಿಸಿನೀರು ಬಟ್ಟೆ ಸುತ್ತಿ ಡಬ್ಬದ ಒಂದು ಮೂಲೆಗೆ ಒರಗಿಸಿ ಇಡ್ತಿದ್ದೆ, ಬೇಕಂದ್ರೆ ಹತ್ರ ಬರ್ಲಿ, ಬೇಡಂದ್ರೆ ದೂರ ಹೋಗ್ಲಿ ಅಂತ. "ಅಮ್ಮ, ಬಾಲದಾಗೇ ಕೊಬ್ಬು ಕೂಡಿಟ್ಟಿರುತ್ತೆ, ಅದು ಹೋಗಿದೆ ಅಂದ್ರೆ ಮನೆಯ ಗುಡಾಣ ಒಡೆದಂಗೆ. ಈಗ ತಿನ್ಲೇಬೇಕು" ಅಂದ್ಲು.

ತಿನ್ಬೇಕಲ್ಲ! ಮೂರು ದಿನ ಏನೂ ಮುಟ್ಲಿಲ್ಲ. ಫಿಲ್ಲರಿನಾಗೆ ಒಂದು ಹನಿ ನೀರು ಮೂಗಿನ ಪಕ್ಕ ಬಿಟ್ರೆ ನಾಲಿಗೆ ಚಾಚಿ ನೆಕ್ತಿತ್ತು, ಹಂಗೇ ಆ ನಾಲಿಗೆಯಿಂದ್ಲೇ ಕಣ್ಣೂ ಒರೆಸ್ಕೊಳ್ತಿತ್ತು. ಅಷ್ಟೇ. ನಾಲ್ಕನೇ ದಿನ ಹಳೇ ಸಜ್ಜೆ ಹಿಟ್ಟಿನಾಗೆ ಬಿದ್ದಿದ್ದ ಹುಳ ಒಂದನ್ನ ಹುಬ್ಬು ಕೀಳೋ ಚಿಮಟದಾಗೆ ಹಿಡಿದು ಮುಂದೆ ಅಲ್ಲಾಡಿಸಿದೆ. ಅಲ್ಲಾಡದೇ ಇದ್ರೆ ಅದಕ್ಕೆ ಊಟ ಅಂತಾನೇ ಗೊತ್ತಾಗಲ್ಲ. ತಲೆ ಓರೆ ಮಾಡಿ ನೋಡ್ತು, ನೋಡ್ತು, ಲಬಕ್ ಅಂತ ಬಾಯಿ ಹಾಕ್ತು. ನನಗೆ ಕೂಗ್ಬೇಕು ಅನ್ನಿಸ್ತು. ಹುಳ ಬಿದ್ದ ಹಿಟ್ಟು ಇದೆ ಅಂತ ಹೇಳ್ಕೊಳ್ಳೋಕೆ ಯಾವ ಹೆಂಗಸಿಗಾದ್ರೂ ನಾಚಿಕೆ. ನಾನು ಆ ತಿಂಗಳು ಬೀದಿಯಾಗೆಲ್ಲ "ಹುಳ ಬಿದ್ದ ಹಿಟ್ಟು ಇದ್ರೆ ಕೊಡಿ" ಅಂತ ಕೇಳ್ಕೊಂಡು ಓಡಾಡಿದೆ. ಯಾರೂ ಇದೆ ಅನ್ನಲಿಲ್ಲ, ಆದ್ರೆ ಸಂಜೆ ಹೊತ್ತಿಗೆ ನಮ್ ಕಟ್ಟೆ ಮೇಲೆ ಮೂರು ಡಬ್ಬ ಬಂದಿದ್ವು!

ಮೊಟ್ಟೆಗೆ ಸುಣ್ಣದಂಶ ಬೇಕು. ನಾವು ಮೊಟ್ಟೆ ತಿನ್ನೋರಲ್ಲ. ಪಕ್ಕದ್ಮನೆ ಅಕ್ಕನ ಹತ್ರ ಕೋಳಿಮೊಟ್ಟೆ ಓಡು ಇಸ್ಕೊಂಡು, ತೊಳೆದು, ಹುರಿದು, ನುಣ್ಣಗೆ ಪುಡಿ ಮಾಡಿ ಹುಳಕ್ಕೆ ಹಚ್ಚಿ ಕೊಟ್ಟೆ. ಅದಕ್ಕಂತಲೇ ಒಂದು ಹಳೇ ಕುಟ್ಟಾಣಿ ಬೇರೆ ಇಟ್ಟೆ. ಅತ್ತೆ ಅದಕ್ಕೂ ಏನೂ ಅನ್ನಲಿಲ್ಲ. ಬೆಳಗಾದ್ರೆ ಕೇಳೋದು ಒಂದೇ: "ನಿನ್ ಬಸುರಿ ಉಂಡ್ಲಾ?"

ಒಂದು ದಿನ ಡಬ್ಬ ಎತ್ಕೊಂಡು ದನದ ಆಸ್ಪತ್ರೆಗೂ ಹೋದೆ. ಕುರಿ ಹಿಡ್ಕೊಂಡು ಸಾಲಾಗಿ ನಿಂತೋರು ಮುಚ್ಚಳ ತೆಗೆದಾಗ ನಕ್ಕರು. ಡಾಕ್ಟ್ರು ನಗಲಿಲ್ಲ. ಹಿಂಗಾಲಿನ ಬೆರಳು ಎರಡು ಕಪ್ಪಾಗಿದ್ವು, ಒಣಗಿದ್ರೆ ತಾನಾಗೇ ಉದುರುತ್ತೆ, ಒದ್ದೆ ಮಾಡ್ಬೇಡಿ ಅಂದ್ರು. "ಇಷ್ಟು ಚಿಕ್ಕದಕ್ಕೆ ನಾನು ಇಂಜೆಕ್ಷನ್ ಕೊಡಲ್ಲಮ್ಮ, ನೀವು ಮಾಡ್ತಿರೋದೇ ಮಾಡಿ" ಅಂದ್ರು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ, ಅಡುಗೆಮನೆಗೆ ತರ್ಬೇಡಿ ಅಂತಲೂ ಹೇಳಿದ್ರು. ನಮ್ಮ ಮನೆ ಹಲ್ಲಿಗೆ ವಿಷ ಇಲ್ಲವಂತೆ. ಅದರ ಹೊಟ್ಟೆಯಾಗಿನ ರೋಗಾಣು ಅನ್ನಕ್ಕೆ, ಹಾಲಿಗೆ ಸೇರಿದ್ರೆ ವಾಂತಿ ಭೇದಿ ಆಗುತ್ತಂತೆ. ಹಲ್ಲಿ ಬಿದ್ದ ಹಾಲನ್ನ ಚೆಲ್ಲೋದು ಸರಿ, ಹಲ್ಲಿ ಕಂಡಲ್ಲಿ ಪೊರಕೆ ಎತ್ತೋದು ಸರಿಯಲ್ಲ.

ನನ್ ತೌರಿನಾಗೆ ಪೊರಕೆ ಎತ್ತಿದ್ದು ನಾನು ನೋಡಿಲ್ಲ. ನಮ್ಮಪ್ಪಂದು ಮೊಳಕಾಲ್ಮೂರಿನಾಗೆ ಗುಂಡಿ ಮಗ್ಗ. ಮಗ್ಗದ ಮೇಲಿನ ತೊಲೆಯಾಗೆ ಯಾವಾಗಲೂ ಎರಡು ಹಲ್ಲಿ ಇರ್ತಿದ್ವು, ದೀಪಕ್ಕೆ ಬರೋ ಹುಳ ಹಿಡ್ಕೊಂಡು. ಅವು ಲೊಚಗುಟ್ಟಿದ್ರೆ ಅವ್ವ ನೆಲಕ್ಕೆ ಬೆರಳು ಬಡಿದು "ಕೃಷ್ಣ ಕೃಷ್ಣ" ಅನ್ನೋಳು. ರೇಷ್ಮೆ ಗೂಡು ಬೇಯಿಸಿದ್ರೇ ನಮ್ಗೆ ಅನ್ನ, ಒಳಗಿನ ಹುಳ ಸತ್ತೇ ನೂಲು ಬರೋದು. ಅದು ಗೊತ್ತಿದ್ದಿದ್ದಕ್ಕೇ ಏನೋ, ಬೇರೆ ಜೀವಕ್ಕೆ ಕೈ ಎತ್ತಬೇಡಿ ಅಂತಿದ್ಲು. ಎಂಟನೇ ಕ್ಲಾಸಿನಾಗೆ ನಮ್ಮನ್ನ ಬ್ರಹ್ಮಗಿರಿಗೆ ಕರ್ಕೊಂಡು ಹೋಗಿದ್ರು, ನಮ್ಮ ತಾಲ್ಲೂಕೇ ಅದು. ಅಲ್ಲಿ ಅಶೋಕನ ಶಾಸನ ಇರೋ ಬಂಡೆಗೆ ಊರೋರು ಅಕ್ಷರ ಗುಂಡು ಅಂತಾರೆ. 1892ರಲ್ಲಿ ರೈಸ್ ಸಾಹೇಬ್ರು ಅದನ್ನ ಪತ್ತೆ ಮಾಡಿದ್ದು. ಅಪ್ಪ ಅಮ್ಮನ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಗಟ್ಟಿಯಾಗಿರ್ಲಿ, ನಿಜ ಹೇಳಿ ಅಂತ ಅದರಾಗೆ ಐತೆ ಅಂತ ಮೇಷ್ಟ್ರು ಹೇಳಿದ್ರು. ಮನೆಗೆ ಬಂದು ಅವ್ವಂಗೆ ಹೇಳಿದ್ರೆ "ಇದನ್ನ ಕಲ್ಲಿನಾಗೆ ಬೇರೆ ಕೆತ್ತಿಸ್ಬೇಕಿತ್ತಾ?" ಅಂದ್ಲು!

ಹದಿಮೂರನೇ ದಿನ ಬೆಳಗ್ಗೆ ಮುಚ್ಚಳ ತೆಗೆದ್ರೆ ಕಂಬ್ಳಿ ಮಡಿಕೆಯಾಗೆ ಎರಡು ಮೊಟ್ಟೆ. ಬೆಳ್ಳಗೆ, ಗುಂಡಗೆ. ಅವಳು ಹೊಟ್ಟೆ ಒಳಗೆ ಹೋಗಿ, ಪಕ್ಕೆಲುಬು ಕಾಣೋ ಹಂಗೆ ಮಲಗಿದ್ಲು. ಮೊಟ್ಟೆ ಹೊರಳಿಸ್ಬೇಡ, ಹೆಂಗೈತೋ ಹಂಗೇ ಎತ್ತು ಅಂದ್ಲು ಮಗಳು. ಒಣ ಮರಳು ಹಾಕಿದ ಕುಂಕುಮದ ಡಬ್ಬಿಯಾಗೆ ಇಟ್ಟು ದೇವರ ಗೂಡಿನ ಕೆಳಗಿನ ಮಾಡದಾಗೆ ಇಟ್ಟೆ. ಅವತ್ತು ಅತ್ತೆ ನನ್ ಪಕ್ಕದಾಗೆ ಕೂತ್ಕೊಂಡು, ಯಾರಿಗೋ ಹೇಳೋ ಹಂಗೆ, "ನನ್ ಮೊದಲನೇದೂ ಹಿಂಗೇ ಚಳಿಗಾಲದಾಗೆ. ಏಳು ತಿಂಗಳು. ಹೊಲದಾಗೇ ಹೋಯ್ತು. ಕೇಳೋರು ಯಾರೂ ಇರ್ಲಿಲ್ಲ" ಅಂದ್ರು. ನಾನು ಈ ಮನೆಗೆ ಬಂದು 32 ವರ್ಷ. ಒಂದ್ಸಲಾನೂ ಆ ಮಾತು ಬಂದಿರ್ಲಿಲ್ಲ. ನಮ್ಮನೆಯವ್ರಿಗೂ ಗೊತ್ತಿರ್ಲಿಲ್ಲ. ನಾನು ಅವರ ಕೈ ಹಿಡ್ಕೊಂಡು ಕೂತೆ. ಆಮೇಲೆ ಅವರೇ "ಕಾಫಿ ಇಡು" ಅಂದ್ರು.

ಮೊಟ್ಟೆ ಇಟ್ಟ ಮೇಲೆ ಅವಳು ಚೇತರಿಸ್ಕೊಂಡ್ಲು. ಬಾಲ ಇದ್ದ ಕಡೆ ಮೊಂಡು ಚಿಗುರು ಬಂತು, ಬಣ್ಣವೇ ಬೇರೆ. ಹಂಗೆ ಬಂದ ಬಾಲದಾಗೆ ಮೂಳೆ ಇರಲ್ಲವಂತೆ. ಆದ್ರೆ ಬೆರಳು ಉದುರಿದ ಕಾಲು ಗೋಡೆ ಹಿಡೀಲಿಲ್ಲ. ಹಲ್ಲಿ ಪಾದದಾಗೆ ಅಂಟು ಇರಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಇರುತ್ತೆ, ಅದರಿಂದ್ಲೇ ಹಿಡಿತ. ಇವಳು ಮೊಳದುದ್ದ ಹತ್ತಿ ಜಾರಿ ಬೀಳೋಳು. ಅದಕ್ಕೆ ಮುಚ್ಚಳ ತೆಗೆದಿಟ್ಟೆ. ಹಗಲು ಕಂಬ್ಳಿಯಾಗೆ, ರಾತ್ರಿ ಮೂಟೆ ಸಂದಿಯಾಗೆ. ನಾನು ಕೋಣೆಗೆ ಹೋಗಿ ಡಬ್ಬದ ಅಂಚಿಗೆ ಚಿಮಟ ಟಕಟಕ ಬಡಿದ್ರೆ ಹೊರಗೆ ಬರೋಳು. ಹುಳಕ್ಕೆ ಬರೋದು ಅಂತ ಮಗಳು. ಇರಬಹುದು. ಮಕ್ಕಳೂ ರೊಟ್ಟಿ ವಾಸನೆಗೇ ಅಲ್ವಾ ಒಲೆ ಹತ್ರ ಬರ್ತಿದ್ದಿದ್ದು.

ರಥಸಪ್ತಮಿ ಆದ ಮಾರನೇ ದಿನ ಡಬ್ಬಿ ನೋಡಿದ್ರೆ ಒಂದು ಮೊಟ್ಟೆ ಗುಳಿ ಬಿದ್ದು ಒಣಗಿತ್ತು, ಇನ್ನೊಂದು ಒಡೆದು ಖಾಲಿ. ಮರಿ ಯಾವಾಗ ಹೋಯ್ತೋ ಯಾರೂ ನೋಡ್ಲಿಲ್ಲ. ತಾಯಿ ಹಲ್ಲಿ ಮರಿ ಸಾಕೋದಿಲ್ಲ, ಹುಟ್ಟಿದ ಗಳಿಗೆಯಿಂದ ಅದರ ಪಾಡು ಅದಕ್ಕೆ.

ಶಿವರಾತ್ರಿಗೆ ನಾಲ್ಕು ದಿನ ಇರೋವಾಗ ಅವಳು ತಿನ್ನೋದು ಬಿಟ್ಲು. ನೀರೂ ನೆಕ್ಕಲಿಲ್ಲ. ದವಡೆ ಒಂದು ಕಡೆ ಊದಿತ್ತು, ಗಮ್ಮಿಗೆ ಅಂಟಿದ್ದ ಕಡೆ. ಎರಡನೇ ರಾತ್ರಿ ಅಂಗೈ ಮೇಲೆ ಇಟ್ಕೊಂಡು ಕೂತೆ, ಅಂಗೈ ಬಿಸಿಯಾದ್ರೂ ಇರ್ಲಿ ಅಂತ. ಗಂಟಲಡಿ ಚರ್ಮ ಮೇಲೆ ಕೆಳಗೆ ಆಡ್ತಿತ್ತು, ಬೆಳಗಿನ ಜಾವ ನಿಂತೋಯ್ತು. ನಮ್ಮನೆಯವ್ರೇ ಎದ್ದು ಕರಿಬೇವಿನ ಗಿಡದ ಬುಡದಾಗೆ ಗುಂಡಿ ತೋಡಿದ್ರು. ಅತ್ತೆ ಒಂದು ಒಳ್ಳೆ ಹಾಲು ತಂದು ಬಿಟ್ರು.

ಈಗ ನಮ್ಮನೆಯಾಗೆ ಗಮ್ ಪ್ಯಾಡ್ ಇಲ್ಲ, ಹಳೇ ಕಾಲದ ಮರದ ಬೋನು ಬಂದೈತೆ, ಇಲಿ ಹಿಡಿದು ಊರಾಚೆ ಬಿಟ್ಟು ಬರೋದು ಇವರ ಕೆಲಸ. ಹಲ್ಲಿ ಅಂಟಿದ್ರೆ ಏನ್ ಮಾಡ್ಬೇಕು ಅಂತ ಮೇಲೆ ಬರೆದಿದ್ದೀನಿ, ಅಳಿಲಿಗೂ ಗುಬ್ಬಚ್ಚಿಗೂ ಹಂಗೇ, ಆದ್ರೆ ಹಕ್ಕಿಗೆ ಎಣ್ಣೆ ತೀರಾ ಕಮ್ಮಿ, ರೆಕ್ಕೆ ನೆನೀಬಾರ್ದು. ಮೊನ್ನೆ ಹಿಂದಿನ ಬೀದಿ ಹುಡುಗಿ ಓಡಿ ಬಂದು "ಆಂಟಿ, ನಮ್ಮನ್ಯಾಗೆ ಒಂದು ಅಂಟ್ಕಂಡೈತೆ, ಅಜ್ಜಿ ನಿಮ್ಮನ್ನ ಕರ್ಕಂಬಾ ಅಂದ್ರು" ಅಂದ್ಲು. ನಾನು ಎಣ್ಣೆ ಬಾಟ್ಲಿ ತಗೊಂಡೆ. ಹಿಂದಿನಿಂದ ಅತ್ತೆ ಕೂಗಿದ್ರು, "ಹೊಟ್ಟೆ ನೋಡೇ ಮೊದ್ಲು!"