ಆದುದರಿಂದ

ಅಂತಿಮ ಬಿ.ಎ. ತರಗತಿಗೆ ಈ ವರ್ಷ ತಗುಲಿರುವ ರೋಗಗಳಲ್ಲಿ ಮುಖ್ಯವಾದುದು ಸ್ಪರ್ಧಾತ್ಮಕ ಪರೀಕ್ಷೆಯ ರೋಗ. ಪಠ್ಯಪುಸ್ತಕವನ್ನು ಕೊಂಡಿರಲಿ ಬಿಡಲಿ, ತಾರ್ಕಿಕ ಸಾಮರ್ಥ್ಯದ ದಪ್ಪ ಪುಸ್ತಕವೊಂದು ಎಲ್ಲರ ಕಂಕುಳಲ್ಲಿಯೂ ಇದೆ. ನಾನೂ ಈ ರೋಗಕ್ಕೆ ಒಳಗಾದವನೇ. ಕೇಂದ್ರ ಲೋಕಸೇವಾ ಆಯೋಗದವರು ನಡೆಸುವ ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲಿ 2011ರಿಂದ ಈ ಬಗೆಯ ಪ್ರಶ್ನೆಗಳು ಬರುತ್ತಿವೆ. ಎರಡು ಗಂಟೆಯ ಕಾಲ, 80 ಪ್ರಶ್ನೆ, 200 ಅಂಕ. ಶೇಕಡ 33 ಬಂದರೆ ಸಾಕು ಎಂದು 2015ರಲ್ಲಿ ಗೊತ್ತುಮಾಡಿದರು. ಆದರೆ ತಪ್ಪು ಉತ್ತರವೊಂದಕ್ಕೆ ಆ ಪ್ರಶ್ನೆಯ ಅಂಕದಲ್ಲಿ ಮೂರರಲ್ಲಿ ಒಂದು ಪಾಲು ಕಳೆಯುತ್ತಾರೆ. 'ಸಾಕು' ಎಂಬ ಮಾತನ್ನು ನಂಬಿ ಕೆಟ್ಟವರು ಬಹಳ ಮಂದಿ.

ಲೆಕ್ಕದ ಪ್ರಶ್ನೆಗಳಿಗೆ ನಾನು ಅಷ್ಟು ಹೆದರಲಿಲ್ಲ. ನನ್ನನ್ನು ಕಾಡಿದ್ದು ಇನ್ನೊಂದು ಜಾತಿಯ ಪ್ರಶ್ನೆ. ನಾಲ್ಕೈದು ವಾಕ್ಯಗಳ ಒಂದು ವಾದವನ್ನು ಕೊಟ್ಟು, ಇದರ ಮುಖ್ಯ ತೀರ್ಮಾನ ಯಾವುದು ಎಂದು ಕೇಳುತ್ತಾರೆ. ಎಷ್ಟು ಸುಲಭ! ಕೊನೆಯ ವಾಕ್ಯವನ್ನು ನೋಡುವುದು, ಅಲ್ಲಿ 'ಆದುದರಿಂದ' ಎಂದಿದ್ದರೆ ಕಣ್ಣು ಮುಚ್ಚಿ ಗುರುತು ಹಾಕುವುದು. ಈ ಉಪಾಯದಿಂದ ನಾನು ಮೊದಲ ಸಲ ಹತ್ತರಲ್ಲಿ ಮೂರು ಪ್ರಶ್ನೆಗಳನ್ನು ಸರಿಮಾಡಿದೆ.

ನಮ್ಮ ಅಧ್ಯಾಪಕರೊಬ್ಬರು ಶನಿವಾರ ಮಧ್ಯಾಹ್ನ ಕೆಲವರನ್ನು ಕೂಡಿಸಿಕೊಂಡು ಅಭ್ಯಾಸ ಮಾಡಿಸುತ್ತಾರೆ. (ಹೆಸರು ಹಾಕಿದರೆ ಅವರಿಗೆ ಕೋಪ ಬರುತ್ತದೆ, ಆದ ಕಾರಣ ಹಾಕಿಲ್ಲ.) ಇಂಗ್ಲಿಷಿನಲ್ಲಿ ನಾವು ತಡವರಿಸುವುದನ್ನು ಕಂಡು ಅವರು ಒಂದು ದಿನ ಕನ್ನಡದಲ್ಲಿಯೇ ಕಪ್ಪುಹಲಗೆಯ ಮೇಲೆ ಹೀಗೆ ಬರೆದರು: "ಕೆರೆ ಬತ್ತಲು ಮಳೆಯಿಲ್ಲದಿರುವುದೇ ಕಾರಣವೆಂದು ಊರಿನವರು ಹೇಳುತ್ತಾರೆ. ಈ ಮಾತು ಸರಿಯಲ್ಲ. ಮಳೆ ವಾಡಿಕೆಯಷ್ಟೇ ಬಿದ್ದಿದೆ. ಕೆರೆಗೆ ನೀರು ತರುವ ಕಾಲುವೆಗಳಲ್ಲಿ ಹೂಳು ತುಂಬಿದೆ. ಆದುದರಿಂದ ಬಿದ್ದ ಮಳೆ ಕೆರೆಯನ್ನು ಮುಟ್ಟುವುದೇ ಇಲ್ಲ."

ನಾನು ಎದ್ದು ನಿಂತು, ಬಿದ್ದ ಮಳೆ ಕೆರೆಯನ್ನು ಮುಟ್ಟುವುದಿಲ್ಲ ಎಂಬುದೇ ತೀರ್ಮಾನ ಎಂದೆ. ನನ್ನ ಪಕ್ಕದ ಗೆಳೆಯ ಕೆರೆಯ ಬಯಲಿನಿಂದ ಬಂದವನು. ಅವನು, "ಹೂಳು ತೆಗೆಸಬೇಕು ಸಾರ್" ಎಂದ. ತರಗತಿಯೆಲ್ಲ ನಕ್ಕಿತು, ಮೇಷ್ಟ್ರು ನಗಲಿಲ್ಲ.

"ಹೂಳು ತೆಗೆಸಬೇಕಾದ್ದು ನಿಜ. ಆದರೆ ಅದು ನಿನ್ನ ಮಾತು, ಬರೆದವನ ಮಾತಲ್ಲ" ಎಂದು ಅವನಿಗೆ ಹೇಳಿ, ನನ್ನ ಕಡೆ ತಿರುಗಿದರು. "ನೀನು ಹೇಳಿದ್ದು ತೀರ್ಮಾನವೇ. ಹೂಳು ತುಂಬಿರುವುದರಿಂದ ಹುಟ್ಟಿದ ತೀರ್ಮಾನ. ಆದರೆ ಅದು ಇನ್ನೊಂದು ಮಾತನ್ನು ಹೊರುವುದಕ್ಕೆ ಹುಟ್ಟಿದೆ. ಯಾವುದನ್ನು?"

ಆಗ ಅವರು ತೋರಿಸಿದ ಪರೀಕ್ಷೆ ಬಹು ಸರಳವಾದುದು. ಎರಡು ವಾಕ್ಯಗಳ ನಡುವೆ 'ಏಕೆಂದರೆ' ಎಂಬ ಮಾತನ್ನಿಟ್ಟು ಎರಡು ಕಡೆಯಿಂದಲೂ ಓದಿ ನೋಡಬೇಕು. "ಮಳೆಯಿಲ್ಲದಿರುವುದು ಕಾರಣವಲ್ಲ, ಏಕೆಂದರೆ ಬಿದ್ದ ಮಳೆ ಕೆರೆಯನ್ನು ಮುಟ್ಟುವುದಿಲ್ಲ" ಎಂದರೆ ಮಾತು ನಿಲ್ಲುತ್ತದೆ. ತಿರುಗಿಸಿ ಓದಿದರೆ ಬಿದ್ದುಹೋಗುತ್ತದೆ. ಹಾಗಾದರೆ ಮುಖ್ಯ ತೀರ್ಮಾನ "ಈ ಮಾತು ಸರಿಯಲ್ಲ" ಎಂಬ ಮೂರು ಪದಗಳ ಎರಡನೆಯ ವಾಕ್ಯ. ಅದನ್ನು ನಾನು ವಾಕ್ಯವೆಂದೇ ಎಣಿಸಿರಲಿಲ್ಲ! ಆ ತೀರ್ಮಾನ ನಿಜವೋ ಸುಳ್ಳೋ ಎಂಬುದು ಬೇರೆ ವಿಚಾರ. ಪ್ರಶ್ನೆ ಅದನ್ನು ಕೇಳುವುದಿಲ್ಲ.

ತೀರ್ಮಾನ ಕೊನೆಗೇ ಬರಬೇಕೆಂಬ ಭ್ರಮೆ ನಮಗೆ ಎಲ್ಲಿಂದ ಬಂತೋ! ನಮ್ಮ ನುಡಿಯ ನಡೆಯೇ ಇದಕ್ಕೆ ಸ್ವಲ್ಪ ಕಾರಣವೆಂದು ನನಗೆ ತೋರುತ್ತದೆ. "ಮಳೆ ಬಂದುದರಿಂದ ಹೊಲ ಉತ್ತೆವು" ಎನ್ನುತ್ತೇವೆ. ಕಾರಣ ಮುಂದೆ, ಕಾರ್ಯ ಹಿಂದೆ. ಕಿವಿ ಕೊನೆಯವರೆಗೂ ಕಾಯುವುದನ್ನು ಕಲಿತುಬಿಟ್ಟಿದೆ. ಆದರೆ ನಮ್ಮ ನ್ಯಾಯದರ್ಶನದವರು ಹಾಗೆ ಕಾಯಿಸುತ್ತಿರಲಿಲ್ಲ. ಅವರ ವಾದಕ್ಕೆ ಐದು ಅವಯವಗಳು. ಬೆಟ್ಟದಲ್ಲಿ ಬೆಂಕಿಯಿದೆ ಎಂಬ ಪ್ರತಿಜ್ಞೆ ಮೊದಲು. ಹೊಗೆ ಇರುವುದರಿಂದ ಎಂಬ ಹೇತು ಆಮೇಲೆ. ಅಡಿಗೆಮನೆಯ ಉದಾಹರಣೆ, ಉಪನಯ, ಕಟ್ಟಕಡೆಗೆ ನಿಗಮನ. ತೀರ್ಮಾನ ಮೊದಲೂ ಇದೆ, ಕೊನೆಗೂ ಇದೆ. ಪರೀಕ್ಷೆಯವರು ಅಷ್ಟು ಕರುಣೆ ತೋರಿಸುವುದಿಲ್ಲ. ಒಂದೇ ಸಲ ಹೇಳಿ, ಅದನ್ನೂ ಎಲ್ಲೋ ನಡುವೆ ಹುದುಗಿಸಿಡುತ್ತಾರೆ.

ಇಷ್ಟನ್ನು ಕಲಿತು ಸಂಕ್ರಾಂತಿಗೆ ಊರಿಗೆ ಹೋದೆ. ಬಿ.ಎ. ಮುಗಿದ ಮೇಲೆ ಬೆಂಗಳೂರಿನಲ್ಲಿ ಒಂದು ವರ್ಷ ನಿಂತು ಪರೀಕ್ಷೆಗೆ ಓದಬೇಕೆಂಬ ನನ್ನ ಆಸೆಯನ್ನು ಆಗಲೇ ಮನೆಯಲ್ಲಿ ತಿಳಿಸಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ತಂಗಿ ಈ ವರ್ಷ ಹತ್ತನೆಯ ತರಗತಿ, ಪಿ.ಯು.ಸಿ. ಓದಲು ತಾಲ್ಲೂಕಿಗೆ ಹೋಗಬೇಕು.

ರಾತ್ರಿ ಊಟವಾದ ಮೇಲೆ ಅಪ್ಪ ಜಗುಲಿಯ ಮೇಲೆ ಕುಳಿತು ಹೇಳಿದ: "ಒಂದು ವರ್ಷ ನೀನು ಎಲ್ಲಾದ್ರೂ ಕೆಲ್ಸ ನೋಡ್ಕಂಡ್ರೆ ವಾಸಿ ಕಣಪ್ಪ. ಸೊಸೈಟಿ ಸಾಲ ಹಂಗೇ ನಿಂತೈತೆ. ನಿಮ್ಮವ್ವನ ಮಂಡಿ ನೋವು ನೋಡಿದ್ದೀಯ, ಎರಡು ಹಸೀನ ಕೆಲ್ಸ ಅವಳ ಕೈಲಿ ಆಗಾಕಿಲ್ಲ. ನೀನು ಬೆಂಗಳೂರ್ನಾಗೆ ರೂಮು ಮಾಡ್ಕಂಡು ಕುಂತ್ರೆ ತಿಂಗಳಾ ತಿಂಗಳಾ ದುಡ್ಡು ಕಳಿಸಬೇಕು. ಅದ್ಕೇ ನಿನ್ ತಂಗಿ ಹತ್ತನೇ ಕ್ಲಾಸಿಗೇ ನಿಲ್ಬೇಕಾಯ್ತದೆ."

ನಾನು ಕೆರಳಿದೆ. ಹೆಣ್ಣುಮಕ್ಕಳು ಓದಬೇಕು ಎಂದೆ. 2023ರ ಜೂನ್ ತಿಂಗಳಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟಿನ ದುಡ್ಡಿಲ್ಲ, ಅವಳ ಓಡಾಟಕ್ಕೆ ಕಾಸೂ ಬೇಕಾಗಿಲ್ಲ ಎಂದೆ. ಬೆಳಿಗ್ಗೆ ಹಾಲು ಕರೆದಿಟ್ಟೇ ಅವಳು ಬಸ್ಸು ಹಿಡಿಯಬಹುದು ಎಂದೆ. ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆದ ದಿನವೂ ನಾನು ಅಷ್ಟು ಚೆನ್ನಾಗಿ ಮಾತನಾಡಿರಲಿಲ್ಲ. ಅಪ್ಪ ಒಂದು ಮಾತನ್ನೂ ಆಡದೆ ಎದ್ದು ಕೊಟ್ಟಿಗೆಗೆ ಹೋದ. ಗೆದ್ದೆನೆಂದುಕೊಂಡೆ.

ತಂಗಿ ಪಾತ್ರೆ ತೊಳೆಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: "ಅಣ್ಣ, ನಾನು ಓದ್ಬಾರ್ದು ಅಂತ ಅಪ್ಪ ಎಲ್ಲಿ ಹೇಳ್ತು? ಅಪ್ಪ ಹೇಳಿದ್ದು ನಿನ್ನ ವಿಷ್ಯ. ಮೊದಲ್ನೇ ಮಾತೇ ಅದು. ನಿನಗೆ ಕೇಳಿಸ್ಲಿಲ್ವಾ?"

ಚಾಪೆಯ ಮೇಲೆ ಮಲಗಿ 'ಏಕೆಂದರೆ' ಇಟ್ಟು ನೋಡಿದೆ. ನಾನು ಕೆಲಸ ನೋಡಿಕೊಂಡರೆ ವಾಸಿ, ಏಕೆಂದರೆ ಇಲ್ಲದಿದ್ದರೆ ತಂಗಿ ನಿಲ್ಲಬೇಕಾಗುತ್ತದೆ. ಸರಿಯಾಗಿ ನಿಂತಿತು. ತಿರುಗಿಸಿದೆ, ಬಿದ್ದುಹೋಯಿತು. ಕಪ್ಪುಹಲಗೆಯ ಕೆರೆಯ ವಾದವೇ ಇದು, ಅದೇ ಜಾಗದಲ್ಲಿ ಅದೇ 'ಆದುದರಿಂದ'. ಆದರೆ ಅಂದು ತಪ್ಪಿದ್ದು ಅಭ್ಯಾಸ ಸಾಲದೆ. ಇಂದು ಅಭ್ಯಾಸವಿತ್ತು; ಆ ಮೊದಲ ವಾಕ್ಯ ನನಗೆ ಬೇಡವಾಗಿತ್ತು. ತಂಗಿಯ ಓದನ್ನು ಉಳಿಸುತ್ತಿದ್ದೇನೆಂದು ನಂಬಿ, ನನ್ನ ಬೆಂಗಳೂರನ್ನು ಉಳಿಸಿಕೊಳ್ಳುತ್ತಿದ್ದೆ. ಅಪ್ಪನ ವಾದದಲ್ಲಿ ದೋಷವೇ ಇಲ್ಲವೆಂದು ಈಗಲೂ ಹೇಳಲಾರೆ. ದುಡ್ಡಿಗೆ ಬೇರೆ ದಾರಿ ಹುಡುಕಬಹುದಿತ್ತೇನೋ. ಆದರೆ ಅದು ಅವನು ಹೇಳಿದ ಮಾತಿಗೆ ಕೊಡಬೇಕಾದ ಉತ್ತರ. ನಾನು ಉತ್ತರ ಕೊಟ್ಟದ್ದು ಅವನು ಹೇಳದ ಮಾತಿಗೆ.

ಬೆಳಿಗ್ಗೆ ಅಪ್ಪ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದ. "ಪರೀಕ್ಷೆ ಮುಗಿದ ಮೇಲೆ ಕೆಲ್ಸ ಹುಡುಕ್ತೀನಿ ಅಪ್ಪ. ರಾತ್ರಿ ಹೊತ್ತು ಓದ್ಕೋತೀನಿ" ಎಂದೆ.

ಅಪ್ಪ ಸ್ವಲ್ಪ ಹೊತ್ತು ನಿಂತ. "ಆ ದೊಡ್ಡ ಪರೀಕ್ಷೆಗೆ ಕಟ್ಟೋದು ಬಿಡಬ್ಯಾಡ" ಎಂದು ಹೇಳಿ ಹೊರಟುಹೋದ.

ಶನಿವಾರದ ಅಭ್ಯಾಸಕ್ಕೆ ಈಗಲೂ ಹೋಗುತ್ತಿದ್ದೇನೆ. ಕಳೆದ ವಾರ ಹತ್ತರಲ್ಲಿ ಏಳು ಸರಿಯಾದವು.