ಗೆದ್ದ ವರ್ಷದ ಪಟ್ಟಿ

ನಮ್ಮ ಒಕ್ಕದ ಹಾಕಿ ತಂಡ ಎಲ್ಲಕ್ಕಿಂತ ಚೆನ್ನಾಗಿ ಆಡಿದ್ದು 2018ರಲ್ಲಿ. ಆ ವರ್ಷದ ಮಾತನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅಂದು ತಂಡದ ಪಟ್ಟಿ ಬರೆದವನು ನಾನು. ಹಾಗಾಗಿ ಇದನ್ನು ಬರೆಯಬೇಕಾದವನೂ ನಾನೇ.

ಕೊಡಗಿನ ಹೊರಗಿನವರಿಗಾಗಿ ಸ್ವಲ್ಪ ವಿವರ. ಕೊಡವರಲ್ಲಿ ಮನುಷ್ಯನ ಹೆಸರಿಗಿಂತ ಮುಂಚೆ ಅವನ ಒಕ್ಕದ, ಅಂದರೆ ಮನೆತನದ, ಹೆಸರು ಬರುತ್ತದೆ. ಒಕ್ಕಕ್ಕೊಂದು ಮೂಲಮನೆಯಾದ ಐನ್‌ಮನೆ, ಅಲ್ಲಿ ಕಾರಣವರಿಗೆ, ಅಂದರೆ ಪೂರ್ವಜರಿಗೆ, ಹಚ್ಚುವ ದೀಪ, ಹಿರಿಯನಾದ ಪಟ್ಟೆದಾರ. ಬೆಂಗಳೂರು, ಮೈಸೂರು, ಮಿಲಿಟರಿ ಕ್ಯಾಂಪುಗಳು ಎಂದು ಚದುರಿಹೋದ ಈ ಒಕ್ಕಗಳನ್ನು ಒಂದೆಡೆ ಸೇರಿಸಲು ಪಾಂಡಂಡ ಕುಟ್ಟಪ್ಪನವರಿಗೆ ಹೊಳೆದ ಉಪಾಯ ಹಾಕಿ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳು ಆಡಿದವು. ಅಲ್ಲಿಂದ ಮುಂದೆ ಬೇಸಿಗೆ ಬಂತೆಂದರೆ ಒಂದೊಂದು ಕುಟುಂಬ ಆತಿಥ್ಯ ವಹಿಸುವುದು, ಕಪ್‌ಗೆ ಆ ಕುಟುಂಬದ ಹೆಸರೇ ಇಡುವುದು ರೂಢಿಯಾಯಿತು. ಒಂದು ತಂಡದಲ್ಲಿ ಒಂದೇ ಒಕ್ಕದವರು ಇರಬೇಕು. ಗಂಡಸರು, ಹೆಂಗಸರು, ಮಕ್ಕಳು, ಮುದುಕರು ಎಂಬ ಭೇದ ಇಲ್ಲ. ದೇಶಕ್ಕೆ ಆಡಿದವನ ಪಕ್ಕದಲ್ಲಿ ಅವನ ಚಿಕ್ಕಪ್ಪ ಹೊಟ್ಟೆ ಹೊತ್ತುಕೊಂಡು ಓಡುವುದನ್ನು ಬೇರೆ ಯಾವ ಪಂದ್ಯಾವಳಿಯಲ್ಲಿ ನೋಡುತ್ತೀರಿ?

ನಮ್ಮ ತಂಡ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬರುವ ಪೈಕಿ. ನನ್ನ ಅಣ್ಣಯ್ಯ ಫುಲ್‌ಬ್ಯಾಕ್. ಅವರನ್ನು ದಾಟಿ ಚೆಂಡು ಹೋದರೆ ತಿರುಗಿ ಓಡುವಷ್ಟು ಉಸಿರು ಅವರಲ್ಲಿ ಉಳಿದಿರಲಿಲ್ಲ. ಎದುರಾಳಿ ಹುಡುಗನಿಗೇ "ನಿಧಾನಕ್ಕೆ ಹೋಗೋ, ಬಿದ್ದೀಯ" ಎಂದು ಕೂಗುತ್ತಿದ್ದರು. ಗ್ಯಾಲರಿ ನಗುತ್ತಿತ್ತು. ಸೋತ ಮೇಲೆ ಎಲ್ಲರೂ ಐನ್‌ಮನೆಗೆ ಹೋಗಿ ಕಡುಂಬುಟ್ಟು, ಪಂದಿ ಕರಿ ತಿಂದು, ಯಾರು ಎಲ್ಲಿ ಮುಗ್ಗರಿಸಿದರು ಎಂದು ರಾತ್ರಿಯಿಡೀ ಆಡಿಕೊಳ್ಳುತ್ತಿದ್ದರು. ನನಗೆ ಆ ನಗು ಸಹಿಸಲಾಗುತ್ತಿರಲಿಲ್ಲ. ಕಾಲೇಜು ತಂಡಕ್ಕೆ ಆಡಿದವನು, ಬೆಂಗಳೂರಿನ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವನು. ನಗೆಪಾಟಲಾಗುವುದು ನನ್ನ ಜಾತಕದಲ್ಲಿ ಬರೆದಿಲ್ಲ ಎಂದುಕೊಂಡಿದ್ದೆ.

ಆ ಕಾಲೇಜು ತಂಡದ ಹಿಂದೆ ಯಾರಿದ್ದರು ಎಂಬುದನ್ನು ಅನುಕೂಲವಾಗಿ ಮರೆತಿದ್ದೆ. ಹುತ್ತರಿ ಕಳೆದು ಗದ್ದೆ ಕೊಯ್ಲಾದ ಮೇಲೆ ಕೂಳೆಗಳ ನಡುವೆ ನಮ್ಮ ಆಟ. ಕಾಫಿ ಗಿಡದ ಬಾಗಿದ ಬುಡವೇ ಸ್ಟಿಕ್, ಬಿದಿರಿನ ಬೇರಿನ ಗಂಟನ್ನು ಕೆತ್ತಿ ಉರುಟು ಮಾಡಿದ್ದೇ ಚೆಂಡು. ಕೂಳೆಗೆ ತಗುಲಿದ ಚೆಂಡು ಯಾವ ಕಡೆ ಹಾರುತ್ತದೋ ದೇವರಿಗೇ ಗೊತ್ತು. ಅದಕ್ಕೇ ಅಣ್ಣಯ್ಯ ಹೇಳಿಕೊಟ್ಟ ಮೊದಲ ಪಾಠ: ಚೆಂಡು ನೋಡಬೇಡ, ಹೊಡೆಯುವವನ ಮಣಿಕಟ್ಟು ನೋಡು. ಮುಂದೆ ಕಾಲೇಜಿನ ಕೋಚ್ ಇದನ್ನೇ ದೊಡ್ಡ ಗುಟ್ಟಿನಂತೆ ಹೇಳಿದಾಗ ನನಗೆ ಅದು ಹಳೆಯ ಮಾತಾಗಿತ್ತು.

1975ರ ಮಾರ್ಚ್‌ನಲ್ಲಿ ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ನನಗೆ ಹನ್ನೆರಡು ವರ್ಷ, ಅಣ್ಣಯ್ಯನಿಗೆ ಹದಿನೆಂಟು. ಕಾಮೆಂಟರಿಯ ಹಿಂದಿ ನಮಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ನಮ್ಮ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು, ನಮಗೆ ಅಷ್ಟು ಸಾಕಾಗಿತ್ತು. ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಆಡಿದ ಎಂ.ಪಿ. ಗಣೇಶ್ ಆಗಲೇ ಊರೂರಿನ ಮಾತಾಗಿದ್ದರು. ಮುಂದಿನ ಹೆಸರು ಅಣ್ಣಯ್ಯನದು ಎಂದು ನಾನು ನಂಬಿದ್ದೆ. ಬಹುಶಃ ಅವರೂ ನಂಬಿದ್ದರು. ಮರುವರ್ಷ ಅಪ್ಪ ತೀರಿಕೊಂಡರು. ತೋಟ, ಗದ್ದೆ, ಸಾಲ ಮೂರೂ ಅಣ್ಣಯ್ಯನ ಹೆಗಲಿಗೆ ಬಂದವು. ನಾನು ಓದಲು ಮೈಸೂರಿಗೆ ಹೋದೆ. ನನ್ನ ಮೊದಲ ನಿಜವಾದ ಸ್ಟಿಕ್ ಕಾಳುಮೆಣಸು ಮಾರಿದ ದುಡ್ಡಿನಿಂದ ಬಂತು.

ಇಷ್ಟೆಲ್ಲ ಗೊತ್ತಿದ್ದೂ 2018ರ ಪಟ್ಟಿಯಿಂದ ಅಣ್ಣಯ್ಯನ ಹೆಸರು ಬಿಟ್ಟೆ.

ಆ ಸಲ ಹಾಕಿ ಹಬ್ಬ ನಾಪೋಕ್ಲುವಿನಲ್ಲಿ, ಕುಲ್ಲೇಟಿರ ಕುಟುಂಬದ ಆತಿಥ್ಯ. ಜನವರಿಯಲ್ಲೇ ವಾಟ್ಸ್ಆ್ಯಪ್ ಗುಂಪು ಮಾಡಿದೆ. ಬೆಂಗಳೂರಿನಲ್ಲಿದ್ದ ಒಕ್ಕದ ಹುಡುಗರನ್ನು ಕಲೆಹಾಕಿ, ಟರ್ಫ್ ಬಾಡಿಗೆಗೆ ಪಡೆದು ವಾರಾಂತ್ಯದಲ್ಲಿ ಓಡಿಸಿದೆ. ದುಬೈನಲ್ಲಿದ್ದ ಒಬ್ಬನಿಗೆ ರಜೆ ಹಾಕಿಸಿದೆ. ಅಣ್ಣಯ್ಯನ ಮಗಳನ್ನು ಬದಲಿ ಆಟಗಾರ್ತಿಯಾಗಿ ಸೇರಿಸಿಕೊಂಡೆ. ಆಡಿಸುವ ಯೋಚನೆ ಇರಲಿಲ್ಲ, ಹೆಸರಿಗಷ್ಟೆ. ಅಣ್ಣಯ್ಯನಿಗೆ ಫೋನ್ ಮಾಡಿ, "ಈ ಸಲ ನೀವು ತಂಡದ ಸಲಹೆಗಾರರು, ಹೊರಗೆ ಕೂತು ಹುಡುಗರಿಗೆ ದಾರಿ ತೋರಿಸಬೇಕು" ಎಂದೆ. ಅಂಥ ಹುದ್ದೆಯೇ ಇರಲಿಲ್ಲ. ಬ್ಯಾಂಕಿನಲ್ಲಿ ಬೇಡವಾದವರಿಗೆ ಹೀಗೇ ಒಂದು ಹೆಸರು ಕೊಟ್ಟು ಮೂಲೆಗೆ ಕೂರಿಸುವುದನ್ನು ನೋಡಿದ್ದೆ, ಅದನ್ನೇ ಮನೆಗೂ ತಂದೆ. ಅಣ್ಣಯ್ಯ "ಆಗಲಿ, ನೀನು ಹೇಳಿದ ಹಾಗೆ" ಎಂದರು. ಪಂದ್ಯದ ದಿನ ಅವರ ಜೀಪಿನ ಹಿಂದಿನ ಸೀಟಿನಲ್ಲಿ ಸ್ಟಿಕ್ ಇತ್ತು. ನೋಡಿಯೂ ನೋಡದವನಂತೆ ನಡೆದೆ.

ಗೆದ್ದೆವು. ಎರಡನೆಯ ಸುತ್ತಿನಲ್ಲೂ ಗೆದ್ದೆವು. ಮೂರನೆಯದರಲ್ಲಿ ಪೆನಾಲ್ಟಿ ಕಾರ್ನರ್ ಒಂದನ್ನು ತಡೆಯಲಾಗದೆ ಸೋತೆವು. ಹುಡುಗರು ಮೈದಾನದಲ್ಲೇ ಸೆಲ್ಫಿ ತೆಗೆದುಕೊಂಡು, ಮರುದಿನ ಆಫೀಸಿದೆ ಎಂದು ಅಲ್ಲಿಂದಲೇ ಬೆಂಗಳೂರಿಗೆ ಹೊರಟರು. ಐನ್‌ಮನೆಯಲ್ಲಿ ಅತ್ತಿಗೆ ಬೇಯಿಸಿದ್ದ ಅಡುಗೆ ಮುಕ್ಕಾಲು ಪಾಲು ಉಳಿಯಿತು. ಅಂದು ರಾತ್ರಿ ಆಡಿಕೊಂಡು ನಗಲು ನಮ್ಮಲ್ಲಿ ಯಾರೂ ಮುಗ್ಗರಿಸಿರಲಿಲ್ಲ. ಅಣ್ಣಯ್ಯ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ವಾದ ಮಾಡಿ ಗೆದ್ದುಬಿಡುತ್ತಿದ್ದೆನೋ ಏನೋ.

ಮುಂದಿನ ವರ್ಷ ಸರಿಮಾಡಿದರಾಯಿತು ಎಂಬ ಲೆಕ್ಕ ನನ್ನದು. ಆ ಆಗಸ್ಟ್‌ನಲ್ಲಿ ಮಳೆ ಬಿತ್ತು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜರಿದು ಮನೆ, ತೋಟಗಳನ್ನು ನುಂಗಿದವು. ಅಂಥ ದುಃಖದ ನಡುವೆ 2019ರಲ್ಲಿ ಹಬ್ಬದ ಮಾತೇ ಇರಲಿಲ್ಲ. ಆಮೇಲೆ ಕೋವಿಡ್. ಹಾಕಿ ಮತ್ತೆ ನಡೆದದ್ದು 2023ರಲ್ಲಿ, ನಾಪೋಕ್ಲುವಿನಲ್ಲೇ, ಅಪ್ಪಚೆಟ್ಟೋಳಂಡ ಕುಟುಂಬದ ಆತಿಥ್ಯದಲ್ಲಿ. ಈ ಸಲ ಪಟ್ಟಿಯ ತುದಿಗೆ ಅಣ್ಣಯ್ಯನ ಹೆಸರನ್ನೇ ಬರೆದು, ಸ್ವತಃ ಹೇಳೋಣವೆಂದು ಊರಿಗೆ ಹೋದೆ.

ಅವರು ಕಣದಲ್ಲಿ ಕಾಫಿ ಹರವಿಸುತ್ತಿದ್ದರು. ಮಾತು ಕೇಳಿ ನಕ್ಕು, ಪ್ಯಾಂಟಿನ ಮೇಲಿಂದಲೇ ಮೊಣಕಾಲು ತಟ್ಟಿ, "ಇದರ ಆಟ ಮುಗಿಯಿತು ಮಾರಾಯ. ಮೆಟ್ಟಿಲು ಇಳಿಯುವುದೇ ಈಗ ದೊಡ್ಡ ಪಂದ್ಯ" ಎಂದರು. ಒಳಗೆ ಕಾಫಿ ಕೊಡುವಾಗ ಅತ್ತಿಗೆ, ದೂರುವ ದನಿಯೇ ಇಲ್ಲದೆ, ಏನೋ ನೆನಪಾದವರಂತೆ ಹೇಳಿದರು: "ಹೋದ ಹಾಕಿಗೆ ಮುಂಚೆ ದಿನಾ ಬೆಳಿಗ್ಗೆ ಈ ಕಣದಲ್ಲೇ ಚೆಂಡು ಹೊಡೀತಿದ್ರು. ಒಳ್ಳೆ ಹುಡುಗ್ರು ಬರ್ತಿದ್ದಾರೆ, ನನ್ನಿಂದ ಮರ್ಯಾದೆ ಹೋಗಬಾರದು ಅಂತ."

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕ್ಷಮೆ ಕೇಳಿದೆ. "ಅದಕ್ಕೆಲ್ಲ ಏನು" ಎಂದು ತಳ್ಳಿಹಾಕಿದರು. ಅವರಿಗೆ ಮರೆತಿದೆ ಎಂದು ನಾನು ನಂಬಲಾರೆ.

ವಯಸ್ಸಾದ ಮೇಲೆ ನಾವು ಬಾಲ್ಯದ ನೆನಪುಗಳನ್ನು ಚಪ್ಪರಿಸುತ್ತೇವೆ. ಬಿದಿರಿನ ಚೆಂಡು, ಕೂಳೆ ಗದ್ದೆ ಎಂದು ಯಾರಾದರೂ ಸಿಕ್ಕರೆ ಗಂಟೆಗಟ್ಟಲೆ ಹೇಳುತ್ತೇವೆ. ನಾನೂ ಬೆಂಗಳೂರಿನ ಗೆಳೆಯರ ಮುಂದೆ ಹೇಳಿಕೊಂಡಿದ್ದೇ ಹೇಳಿಕೊಂಡದ್ದು. ಆ ನೆನಪಿನಲ್ಲಿದ್ದ ಮನುಷ್ಯ ಎದುರಿಗೇ ಇದ್ದಾಗ, ಅವನಿಗೆ ಇನ್ನೂ ಆಡುವ ಆಸೆ ಇದೆ ಎಂಬುದು ನನಗೆ ಕಾಣಲಿಲ್ಲ. ನೆನಪಿನ ಅಣ್ಣಯ್ಯನನ್ನು ಹೊಗಳಿ, ಇರುವ ಅಣ್ಣಯ್ಯನನ್ನು ಬೆಂಚಿಗೆ ಕಳಿಸಿದೆ. ಗೆಲ್ಲಬೇಕೆಂಬ ಆಸೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಆಟವೆಂದ ಮೇಲೆ ಗೆಲ್ಲಲೇ ಆಡಬೇಕು. ಆದರೆ ಅಣ್ಣಯ್ಯ ಐದು ನಿಮಿಷ ಮೈದಾನದಲ್ಲಿದ್ದಿದ್ದರೆ ನಾವು ಕಳೆದುಕೊಳ್ಳುತ್ತಿದ್ದುದು ಏನು? ಹೆಚ್ಚೆಂದರೆ ಒಂದು ಗೋಲು.

2024ರಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬಕ್ಕೆ 360 ತಂಡಗಳು ಬಂದವು, ಗಿನ್ನೆಸ್ ದಾಖಲೆಯೂ ಆಯಿತು. ನಾವು ಮೊದಲ ಸುತ್ತಿನಲ್ಲೇ ಹೊರಬಿದ್ದೆವು. ಅಣ್ಣಯ್ಯನ ಮಗಳು ಸೆಂಟರ್ ಹಾಫ್‌ನಲ್ಲಿ ಆಡಿದಳು, ನಾನು ಫುಲ್‌ಬ್ಯಾಕ್. ಈಗ ಗ್ಯಾಲರಿ ನಗುವುದು ನನ್ನನ್ನು ನೋಡಿ. ಪಟ್ಟಿ ಬರೆಯುವ ಕೆಲಸವನ್ನು ಅವಳಿಗೇ ಒಪ್ಪಿಸಿದ್ದೇನೆ. ನಿಮ್ಮ ಒಕ್ಕದಲ್ಲಿ ಆ ಕೆಲಸ ನಿಮ್ಮದಾಗಿದ್ದರೆ, ಹುಡುಗರ ಹೆಸರು ಬರೆಯುವ ಮುಂಚೆ ಮನೆಯ ಹಿರಿಯರೊಬ್ಬರಿಗೆ ಫೋನ್ ಮಾಡಿ ಕೇಳಿ. ಬೇಡವೆನ್ನುವುದಾದರೆ ಅವರೇ ಅನ್ನಲಿ.