ಎಲ್ಲರ ಯಂತ್ರ, ಯಾರ ಹೊಣೆ?

ನಂಗವಳ್ಳಿಯ ಕಡೆಯ ನಮ್ಮ ಊರಿನಲ್ಲಿ ಮೈಕ್ ಸೆಟ್ಟು ಒಂದೇ. ಶಾಲೆಯ ಸ್ವಾತಂತ್ರ್ಯೋತ್ಸವಕ್ಕೂ ಅದೇ, ಗುಡಿಯ ಹಬ್ಬಕ್ಕೂ ಅದೇ, ಸಾವಿನ ಸುದ್ದಿ ಸಾರುವುದಕ್ಕೂ ಅದೇ. ಊರವರು ಚಂದಾ ಎತ್ತಿ ಕೊಂಡ ಆ ಆಂಪ್ಲಿಫೈಯರ್ ನಮ್ಮ ಶಾಲೆಯ ಬೀರುವಿನಲ್ಲಿರುತ್ತದೆ. ಬೀಗದ ಕೈ ನಮ್ಮಲ್ಲಿದ್ದರೂ ಅದನ್ನು ನಡೆಸುವ ಕೈಗಳು ಹತ್ತಾರು.

ಒಂದು ಗಣರಾಜ್ಯೋತ್ಸವದ ಬೆಳಿಗ್ಗೆ ಅದು ಸುಟ್ಟ ವಾಸನೆ ಬೀರಿ ಮೂಕವಾಯಿತು. ಎಂಟನೆಯ ತರಗತಿಯ ಹುಡುಗನೊಬ್ಬ ಅದರ ಬಳಿ ನಿಂತಿದ್ದ. ವಿಚಾರಿಸುವ ತಾಳ್ಮೆ ನಮಗಿರಲಿಲ್ಲ. ಸಭೆಯ ಮುಂದೆಯೇ ಗದರಿಸಿಬಿಟ್ಟೆವು. ಮೂರು ದಿನ ಅವನು ಶಾಲೆಗೆ ಬರಲಿಲ್ಲ.

ದುರಸ್ತಿಯವರು ಪೆಟ್ಟಿಗೆ ಬಿಚ್ಚಿ ನೋಡಿ, “ಎಷ್ಟು ಹಾರನ್ ಕಟ್ಟಿದ್ದಿರಿ ಸಾರ್?” ಎಂದು ಕೇಳಿದಾಗ ನಮ್ಮ ಬಾಯಿ ಕಟ್ಟಿತು. ಹಿಂದಿನ ಸಂಜೆ, ದೂರದ ಬೀದಿಗೂ ಕೇಳಲೆಂದು, ಎರಡು ಹಾರನ್‌ಗಳ ಜೊತೆಗೆ ಇನ್ನೆರಡನ್ನು ಸೇರಿಸಿ ತಂತಿಯನ್ನು ಅದೇ ತಿರುಪಿಗೆ ಬಿಗಿದವರು ನಾವೇ. 16 ಓಮಿನ ಎರಡು ಹಾರನ್‌ಗಳನ್ನು ಸಮಾಂತರವಾಗಿ ಕಟ್ಟಿದರೆ 8 ಓಂ, ನಾಲ್ಕನ್ನು ಕಟ್ಟಿದರೆ 4 ಓಂ. 8 ಎಂದು ಬರೆದಿರುವ ತಿರುಪಿಗೆ 4 ಓಮಿನ ಹೊರೆ ಹಾಕಿದರೆ ಒಳಗಿನ ಟ್ರಾನ್ಸಿಸ್ಟರುಗಳಲ್ಲಿ ಮಿತಿಮೀರಿದ ವಿದ್ಯುತ್ತು ಹರಿದು ಅವು ಕಾದು ಸುಡುತ್ತವೆ. ಸಾಲದ್ದಕ್ಕೆ, ಬಿಸಿಲು ತಾಗದಿರಲೆಂದು ಗಾಳಿಯ ಕಿಂಡಿಗಳು ಮುಚ್ಚುವಂತೆ ಜಮಖಾನ ಹೊದಿಸಿದವರೂ ನಾವೇ. ಹುಡುಗನನ್ನು ಮನೆಯಿಂದ ಕರೆತಂದು, ಮಕ್ಕಳೆಲ್ಲರ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು.

ಬೆಂಗಳೂರಿನಲ್ಲಿ ಹವ್ಯಾಸಿ ರೇಡಿಯೋ ಪರವಾನಗಿ ಪಡೆದಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಾಗ ಈ ಸಂಗತಿ ಕೇಳಿ ನಕ್ಕ. ಸದಸ್ಯರೆಲ್ಲರೂ ಒಂದೇ ಆಂಪ್ಲಿಫೈಯರ್ ಬಳಸುವ ರೇಡಿಯೋ ಸಂಘಗಳಲ್ಲಿಯೂ ಇದೇ ಪಾಡಂತೆ. ಆಂಟೆನಾ ಜೋಡಿಸದೆಯೋ, ಬೇರೆ ತರಂಗಪಟ್ಟಿಯ ಆಂಟೆನಾ ಜೋಡಿಸಿಯೋ ಪ್ರಸಾರಕ್ಕೆ ತೊಡಗಿದರೆ, ಹೊರಹೋಗಬೇಕಾದ ಶಕ್ತಿ ಹಿಂದಿರುಗಿ ಯಂತ್ರವನ್ನೇ ಹೊಡೆಯುತ್ತದೆ. ಪ್ರಸಾರ ನಡೆದಿರುವಾಗಲೇ ತರಂಗಪಟ್ಟಿ ಬದಲಿಸುವುದು, ಒಳಕ್ಕೆ ಕೊಡುವ ಸಂಕೇತವನ್ನು ಮಿತಿಮೀರಿ ಹೆಚ್ಚಿಸುವುದು ಇವೂ ಅಷ್ಟೇ ಕೆಡುಕು. ಆದ್ದರಿಂದ ತಿಳಿದವರು ಮೊದಲು 50 ಓಮಿನ ಕೃತಕ ಹೊರೆಗೆ ಜೋಡಿಸಿ ಪರೀಕ್ಷಿಸುತ್ತಾರೆ. ಬಳಿಕ ಆಂಟೆನಾಕ್ಕೆ ಬದಲಿಸಿ, ಅಲ್ಪ ಶಕ್ತಿಯಿಂದ ಆರಂಭಿಸಿ, ಹಿಂದಿರುಗುವ ಶಕ್ತಿಯನ್ನು ಮೀಟರಿನಲ್ಲಿ ನೋಡಿಕೊಂಡೇ ಏರಿಸುತ್ತಾರೆ.

ಇದು ಬರಿಯ ಹವ್ಯಾಸದ ಮಾತಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಹವ್ಯಾಸಿ ಪ್ರಸಾರಕ್ಕೆಂದು ಪೋರ್ಟ್‌ಬ್ಲೇರಿಗೆ ಹೋಗಿದ್ದ ಶ್ರೀಮತಿ ಭಾರತಿ ಪ್ರಸಾದ್ ಅವರ ತಂಡವು ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು. ಅಂಥ ಗಳಿಗೆಯಲ್ಲಿ, ನಿನ್ನೆ ಯಾರೋ ಕೆಡಿಸಿ ಹೇಳದೆ ಹೋದ ಯಂತ್ರ ಎದುರಿಗಿದ್ದರೆ ಗತಿಯೇನು?

ನಮ್ಮ ಪೆಟ್ಟಿಗೆಯ ಮೇಲಿನ ಅಕ್ಷರ ಇಂಗ್ಲಿಷು, ಶಾಲೆಯ ಓದು ತಮಿಳು, ಮನೆಯ ಮಾತು ಕನ್ನಡ. ಹೀಗಿರುವಾಗ ತಿಳಿಯದೆ ಮುಟ್ಟಿದವರನ್ನು ದೂರಿ ಫಲವೇನು? ಈಗ ಮುಚ್ಚಳದ ಮೇಲೆ ಒಂದು ಹಾಳೆ ಅಂಟಿಸಿದ್ದೇವೆ. ಮಾತು ನಮ್ಮ ಕನ್ನಡ, ಲಿಪಿ ತಮಿಳು. ಮೊದಲು ಹಾರನ್ ತಂತಿ, ಆಮೇಲೆ ಸ್ವಿಚ್ಚು. ಎರಡಕ್ಕಿಂತ ಹೆಚ್ಚು ಹಾರನ್ ಕಟ್ಟಬಾರದು. ಧ್ವನಿಯನ್ನು ಸೊನ್ನೆಯಿಂದ ಏರಿಸಬೇಕು. ಮೇಲೆ ಏನನ್ನೂ ಹೊದಿಸಬಾರದು. ಪಕ್ಕದಲ್ಲೊಂದು ನೋಟುಬುಕ್ಕು. ಒಯ್ದವರು ಹೆಸರು ಬರೆಯಬೇಕು. ಏನಾದರೂ ಕೆಟ್ಟಿದ್ದರೆ ಅದನ್ನೂ ಬರೆಯಬೇಕು. ಬರೆದವರನ್ನು ಗದರಿಸುವುದಿಲ್ಲವೆಂದು ನಾವು ಮಾತು ಕೊಟ್ಟಿದ್ದೇವೆ.

ಆ ಪುಸ್ತಕದ ಮೊದಲ ಪುಟದಲ್ಲಿ ನಮ್ಮದೇ ತಪ್ಪನ್ನು ಬರೆದಿಟ್ಟೆವು. ಎರಡನೆಯ ಬರಹ ಆ ಹುಡುಗನದು: “ತಂತಿ ಸಡಿಲ ಇತ್ತು. ಸ್ವಿಚ್ಚು ಹಾಕಲಿಲ್ಲ. ಸಾರ್‌ಗೆ ಹೇಳಿದೆ.”